ಅಳಿಯನ ಸಿಂಗಾರ ಮಗನ ತಲೆಗೆ

ಕೋಟೆಕೇರಿ, ಬಾರಕೂರು
25 ಫೆಬ್ರವರಿ 2024, ಭಾನುವಾರ

ಪ್ರೀತಿಯ ಜಲಜತ್ತಿಗೆಗೆ ಕುಸುಮಳ ನಮಸ್ಕಾರ.

ಮೊದಲು ನಿಮ್ಮ ಕಣ್ಣಿನ ವಿಚಾರ ಹೇಳಿ. ಪೊರೆ ತೆಗೆಸಿ ಇನ್ನೂ ಹೆಚ್ಚು ದಿನವಾಗಿಲ್ಲ. ಒಲೆಯ ಮುಂದೆ ನಿಲ್ಲಬೇಡಿ, ಸೀರಿಯಲ್ ನೋಡುತ್ತಾ ಕೂರಬೇಡಿ, ಸಿಟ್ಟಂತೂ ಮಾಡಲೇಬೇಡಿ. ಸಿಟ್ಟು ಮಾಡಿದರೆ ಕಣ್ಣಿನ ಒತ್ತಡ ಏರುತ್ತದೆ ಎಂದು ಬ್ರಹ್ಮಾವರದ ಡಾಕ್ಟರು ನಿಮ್ಮ ತಮ್ಮನಿಗೆ ಹೇಳಿದ್ದನ್ನು ನಾನೇ ಪಕ್ಕದಲ್ಲಿ ಕೂತು ಕೇಳಿದ್ದೇನೆ. ಈ ಕಾಗದವನ್ನು ನೀವೇ ಓದುತ್ತೀರೋ ಸೊಸೆಯ ಕೈಯಲ್ಲಿ ಓದಿಸುತ್ತೀರೋ ಗೊತ್ತಿಲ್ಲ. ಓದಿಸುವುದಾದರೆ ಧನ್ಯಶ್ರೀಗೂ ನನ್ನ ಆಶೀರ್ವಾದ. ಓದುವಾಗ ನಗು ಬಂದರೆ ನಗಲಿ, ಅತ್ತೆಯ ಮುಖ ನೋಡಿ ತಡೆದುಕೊಳ್ಳುವುದು ಬೇಡ. ಮೊಬೈಲ್ ಇರುವಾಗ ಕಾಗದ ಯಾಕೆ ಎಂದು ಕೇಳಬೇಡಿ. ಸಂಕ್ರಮಣದ ಮಾರನೇ ದಿನದಿಂದ ನೀವು ನನ್ನ ಫೋನ್ ಎತ್ತುತ್ತಿಲ್ಲ. ಫೋನನ್ನಾದರೆ ಕಟ್ ಮಾಡಬಹುದು, ಕಾಗದವನ್ನು ಕಟ್ ಮಾಡುವ ಗುಂಡಿಯನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ. ಹರಿದು ಹಾಕುವುದಿದ್ದರೆ ಹಾಕಿ, ಆದರೆ ಓದಿ ಹರಿಯಿರಿ ಅತ್ತಿಗೆ.

ನಮ್ಮ ಮನೆಯವರು, ನಿಮ್ಮ ತಮ್ಮ, ಹಾಗೆಯೇ ಇದ್ದಾರೆ. ಸಕ್ಕರೆ ಹತೋಟಿಯಲ್ಲಿದೆ, ಕೈ ನಡುಕ ಮಾತ್ರ ಜಾಸ್ತಿ. ಚಹಾದ ಲೋಟವನ್ನು ಅರ್ಧ ತುಂಬಿಸಿ ಕೊಟ್ಟರೆ ಪೂರ್ತಿ ಕುಡಿಯುತ್ತಾರೆ, ಪೂರ್ತಿ ತುಂಬಿಸಿ ಕೊಟ್ಟರೆ ಅರ್ಧ ಪಂಚೆಗೆ. ಗದ್ದೆಯಲ್ಲಿ ಉದ್ದು ಕಿತ್ತಾಯಿತು. ಒಣಗಿಸುವುದಕ್ಕೆ ಸ್ವಲ್ಪ ಅಂಗಳದ ಕಡೆ ನೋಡಿಕೊಳ್ಳಿ ಎಂದರೆ, ಈ ಸಲ ಯಾರ ಗದ್ದೆಯಲ್ಲಿ ಎಷ್ಟು ಉದ್ದು ಬಂತು ಎಂದು ವಿಚಾರಿಸಲು ಹೋಗುತ್ತಾರೆ. ಎಲೆ ಎತ್ತೋ ಗುಂಡ ಎಂದರೆ ಉಂಡವರೆಷ್ಟು ಮಂದಿ ಎಂದನಂತೆ, ಆ ಜಾತಿ. ನಮ್ಮ ಕೇರಿಯ ರಸ್ತೆಯಲ್ಲಿ ನಲ್ಲಿಯ ಪೈಪಿಗೆಂದು ಅಗೆದವರಿಗೆ ಹಳೇ ಕಾಲದ ಅರ್ಧ ಕಲ್ಲಾನೆ ಸಿಕ್ಕಿತು. ಸೊಂಡಿಲು, ಎರಡು ಮುಂಗಾಲು, ಕೊರಳಿಗೊಂದು ಗಂಟೆ, ಅಷ್ಟೇ. ಹಿಂದಿನ ಅರ್ಧ ಯಾರ ಮನೆಯ ಪಾಯದಲ್ಲಿದೆಯೋ ಆ ಪಂಚಲಿಂಗೇಶ್ವರನಿಗೇ ಗೊತ್ತು. ಈ ಊರಲ್ಲಿ ತೆಂಗಿನ ಸಸಿ ನೆಡಲು ಹಾರೆ ಹಾಕಿದರೂ ಯಾವನೋ ಅರಸನ ಕಾಲಿಗೆ ತಾಗುತ್ತದೆ. ನೋಡಲು ಬಂದವರಿಗೆಲ್ಲ ನಾನೇ ಚಹಾ ಕೊಟ್ಟೆ.

ಇನ್ನು ಕುಂಭ ಸಂಕ್ರಮಣದ ದಿನದ ವಿಷಯ. ನಿಮಗೆ ನಿಮ್ಮ ಮಗ ಜೀತು ಹೇಳಿದ್ದಾನೆ, ಊರವರು ಹೇಳಿದ್ದಾರೆ, ಎಲ್ಲರೂ ಹೇಳಿದ ಮೇಲೆ ಕೊನೆಗೆ ನಾನು ಹೇಳುತ್ತಿದ್ದೇನೆ. ಅಂದು ನಿಮ್ಮ ತಮ್ಮ ದೈವದ ಮುಂದೆ ಮುಂದಿನ ಯಜಮಾನನನ್ನು ತೋರಿಸಬೇಕು, ದೈವ ಒಪ್ಪಿ ಹರಿವಾಣದಲ್ಲಿರುವ ಅಡಿಕೆ ಹೂವಿನ ಸಿಂಗಾರವನ್ನು ಅವನ ತಲೆಗೆ ಇಡಬೇಕು ಎಂದು ಕಳೆದ ವರ್ಷವೇ ಮಾತಾಗಿತ್ತಲ್ಲ. ಅಕ್ಕನ ಮಗ, ಈ ಮನೆಯ ಅಳಿಯ, ನಿಮ್ಮ ಜೀತುವಿಗೇ ಎಂದು ಯಾರಿಗೂ ಸಂಶಯ ಇರಲಿಲ್ಲ, ನನಗೂ ಇರಲಿಲ್ಲ. ಅವನ ವಿಮಾನ ಮುಂಬಯಿಯಲ್ಲೇ ತಡವಾಯಿತು. ದರ್ಶನದ ಹೊತ್ತು ಮೀರುತ್ತದೆ ಎಂದು ಕಿಟ್ಟಣ್ಣ ಗಡಿಬಿಡಿ ಮಾಡಿದರು. ಕುಟುಂಬದ ಹಿರಿಯರು, ಅವರಿಗೆ ಎದುರು ಹೇಳುವವರು ಯಾರು? ಪಾತ್ರಿ ನಾಗುವಿನ ಮೈಮೇಲೆ ದೈವ ಬಂತು. ಹರಿವಾಣ ಹಿಡಿಯಬೇಕಾದದ್ದು ನಿಮ್ಮ ತಮ್ಮ. ತೆಂಗಿನಕಾಯಿ, ವೀಳ್ಯ, ಸಿಂಗಾರ ಎಲ್ಲ ಸೇರಿ ಅದು ಎಷ್ಟು ಭಾರ ನಿಮಗೆ ಗೊತ್ತು. ಅವರ ಕೈ ನಡುಗಿತು, ಹರಿವಾಣ ವಾಲಿತು. ಪಕ್ಕದಲ್ಲಿ ನಿಂತಿದ್ದ ನಮ್ಮ ಮಗ ರತನ್ ಯಾವಾಗಲೂ ಮಾಡುವ ಹಾಗೆ ಅಡಿಯಿಂದ ಹಿಡಿದುಕೊಂಡ. ಇವರು ಜಾರಿದ ಶಾಲು ಸರಿಮಾಡಲೆಂದು ಕೈ ಬಿಟ್ಟರು. ಅಷ್ಟೇ. ಅದೇ ಗಳಿಗೆಯಲ್ಲಿ ದೈವ ಎದುರು ಬಂದು ಸಿಂಗಾರ ಎತ್ತಿ ಹರಿವಾಣ ಹಿಡಿದವನ ತಲೆಗೆ ಇಟ್ಟಿತು, ಅಭಯ ಕೊಟ್ಟು ಹಿಂದೆ ಸರಿಯಿತು. ನಾನು ಆಗ ಹಿತ್ತಿಲ ಬಿಡಾರದಲ್ಲಿ ಪಾಯಸದ ಹಂಡೆಯ ಹತ್ತಿರ ಇದ್ದೆ. ಡೋಲಿನ ಸದ್ದು ನಿಂತಾಗ ಸೌಟು ಹಿಡಿದುಕೊಂಡೇ ಓಡಿ ಬಂದೆ. ನನ್ನ ಮಗ ತಲೆಯ ಮೇಲೆ ಸಿಂಗಾರ ಇಟ್ಟುಕೊಂಡು, ಹರಿವಾಣ ಹಿಡಿದುಕೊಂಡು, ಕಳ್ಳತನದಲ್ಲಿ ಸಿಕ್ಕಿಬಿದ್ದವನ ಹಾಗೆ ನಿಂತಿದ್ದ. ಬೇಲಿಯ ದಣಪೆ ದಾಟಿ ಆಗಷ್ಟೇ ಒಳಗೆ ಬಂದ ನಿಮ್ಮ ಮಗ ಬ್ಯಾಗು ಹಿಡಿದುಕೊಂಡು ನಿಂತಿದ್ದ.

ಅತ್ತಿಗೆ, ಜೀತು ಒಂದು ಕೆಟ್ಟ ಮಾತು ಆಡಲಿಲ್ಲ. ಅದಕ್ಕೇ ನನಗೆ ಹೊಟ್ಟೆ ಉರಿಯುವುದು. ಜಗಳ ಮಾಡಿದ್ದರೆ ನಾನೂ ನಾಲ್ಕು ಮಾತು ಹೇಳಿ ಬಡಿಸಿ ಕಳಿಸುತ್ತಿದ್ದೆ. ಎಲೆ ಹಾಕಿದ್ದೆ, ಕೈ ಹಿಡಿದು ಎಳೆದೆ. "ಬ್ಯಾಡ ಅತ್ತೆ, ಹೊಟ್ಟಿ ತುಂಬಿತ್ತ್" ಎಂದ. ಬೆಳಿಗ್ಗೆಯಿಂದ ಒಂದು ಬಿಸ್ಕೆಟ್ ತಿಂದವನ ಹೊಟ್ಟೆ ಯಾವುದರಿಂದ ತುಂಬುತ್ತದೆ? ಈ ಮನೆಯಲ್ಲಿ ಹುಟ್ಟಿದ ಹುಡುಗ, ರಜೆಯಲ್ಲಿ ಬಂದಾಗ ನನ್ನ ರತನ್‌ನನ್ನು ಸೊಂಟಕ್ಕೆ ಏರಿಸಿಕೊಂಡು ಊರೆಲ್ಲ ತಿರುಗಿ ಬಂದವನು, ದೈವದ ಊಟ ಬಿಟ್ಟು ಮಂಗಳೂರಿಗೆ ವಾಪಸು ಕಾರು ಮಾಡಿಕೊಂಡು ಹೋದ. ಅವನಿಗೆಂದು ಬಡಿಸಿದ ಪಾಯಸವನ್ನು ನಾನು ಯಾರಿಗೂ ಕೊಡಲಿಲ್ಲ. ಹಾಗೆಯೇ ಇಟ್ಟು, ಹುಳಿಬಂದ ಮೇಲೆ ತೆಂಗಿನ ಬುಡಕ್ಕೆ ಚೆಲ್ಲಿದೆ.

ಮಾರನೇ ದಿನದಿಂದ ಊರಿಗೆ ನಾನೇ ಹಬ್ಬ. ಅಂಗಡಿಗೆ ಹೋದರೆ, "ಹ್ವಾಯ್, ಕುಸುಮಕ್ಕ ಭಾರೀ ಹುಷಾರ್ ಮಾರ್ರೆ, ಮಗನಿಗೆ ಪಟ್ಟ ಕಟ್ಸಿಯೇ ಬಿಟ್ರ್" ಎಂದು ನನಗೆ ಕೇಳುವ ಹಾಗೆಯೇ ಹೇಳುತ್ತಾರೆ. ನಾನು ಒಳಗಿನಿಂದ ಕಣ್ಣು ಮಾಡಿ ತೋರಿಸಿದೆನಂತೆ, ಮಗ ಹರಿವಾಣ ಹಿಡಿದನಂತೆ. ಹಿತ್ತಿಲ ಬಿಡಾರದಿಂದ ದೈವದ ಮನೆಗೆ ಕಣ್ಣು ಹೋಗಬೇಕಾದರೆ ನಡುವೆ ಎರಡು ಗೋಡೆ, ಒಂದು ಬಚ್ಚಲು ಇದೆ. ನನ್ನ ಕಣ್ಣಿಗೆ ಅಷ್ಟು ಶಕ್ತಿ ಇದ್ದಿದ್ದರೆ ಕನ್ನಡಕಕ್ಕೆ ಯಾಕೆ ಕುಂದಾಪುರಕ್ಕೆ ಅಲೆಯುತ್ತಿದ್ದೆ? ನಾಗುವನ್ನೂ ಕೇಳಿ ನೋಡಿದೆ. ಅವನು, "ನಂಗೆಂತ ಗೊತ್ತಿಲ್ಲೆ ಅಮ್ಮ, ಅಷ್ಟೊತ್ತಿಗೆ ನಾನ್ ನಾನಾಯಿ ಇರ್ತಿಲ್ಲೆ" ಎಂದು ಕೈಮುಗಿದ. ನಿಮ್ಮ ತಮ್ಮನನ್ನು ಕೇಳಿದರೆ, "ನನ್ ಕೈ ನನ್ ಮಾತ್ ಕೇಂತಿಲ್ಲೆ, ಎಂತ ಮಾಡುದ್?" ಎಂದು ಅಳುತ್ತಾರೆ. ಮದುವೆಯಾದಂದಿನಿಂದ ಅವರು ಅತ್ತದ್ದನ್ನು ನಾನು ನೋಡಿರಲಿಲ್ಲ. ಯಾರನ್ನು ಬೈಯಲಿ? ದೈವವನ್ನು ಬೈಯುವ ಹಾಗಿಲ್ಲ. ಒಲೆಗೆ ಬೈದುಕೊಂಡು ದಿನ ಕಳೆಯುತ್ತಿದ್ದೇನೆ.

ಕಳೆದ ಭಾನುವಾರ ಮೈಸೂರಿನ ಕಡೆಯ ಕಾಲೇಜಿನ ಮಕ್ಕಳು ಬಂದಿದ್ದರು. ರತನ್ ಪಂಪ್‌ಸೆಟ್ ರಿಪೇರಿ ಅಂಗಡಿಗೆ ಭಾನುವಾರ ಬೀಗ ಹಾಕಿ ಇಂಥವರಿಗೆ ಊರು ತೋರಿಸುವುದು ನಿಮಗೆ ಗೊತ್ತಲ್ಲ. ಕತ್ತಲೆ ಬಸದಿ, ಚೌಳಿಕೇರಿಯ ಗಣಪತಿ, ಕೋಟೆಯ ಕಂದಕ ಎಲ್ಲ ಮುಗಿಸಿ ಬಿಸಿಲಿಗೆ ಕೆಂಪಾಗಿ ನಮ್ಮ ಮನೆಗೆ ಬಂದವು. ಮಜ್ಜಿಗೆ ಕೊಟ್ಟೆ. ಪಾಪ, ಕೋಟೆ ನೋಡುತ್ತೇವೆ ಎಂದು ಬಂದ ಮಕ್ಕಳಿಗೆ ಪೊದೆ ಮತ್ತು ಕೆಂಪು ಮುರಕಲ್ಲು ತೋರಿಸಿದರೆ ಏನು ಅನಿಸಬೇಡ? ಆಳುಪರು ಆಳಿದ ರಾಜಧಾನಿ, ವಿಜಯನಗರದವರ ಕಾಲದಲ್ಲಿ ಅಧಿಕಾರಿಗಳು ಕೂತು ಸೀಮೆ ನೋಡಿಕೊಂಡ ಊರು, ದಿನಕ್ಕೊಂದರಂತೆ ವರ್ಷಕ್ಕೆ ಸಾಕಾಗುವಷ್ಟು ದೇವಸ್ಥಾನ ಇದ್ದವಂತೆ ಎಂದೆಲ್ಲ ರತನ್ ಹೇಳಿದ. ಆಮೇಲೆ ಒಂದು ಹುಡುಗಿ ಅಳಿಯಕಟ್ಟಿನ ಕಥೆ ಕೇಳಿತು. ನನ್ನ ಮಗನಿಗೆ ಅಂದು ಅದನ್ನು ಹೇಳುವ ಮನಸ್ಸು ಎಲ್ಲಿತ್ತು? ಆದರೂ ತಲೆ ತಗ್ಗಿಸಿಕೊಂಡು ಹೇಳಿದ. ದೇವ ಪಾಂಡ್ಯ ಎಂಬ ವ್ಯಾಪಾರಿ ಹಡಗು ಕಟ್ಟಿಸಿ ನೀರಿಗಿಳಿಸುವಾಗ ಕುಂಡೋದರ ಎಂಬ ಭೂತ ನರಬಲಿ ಕೇಳಿತು. ಏಳು ಗಂಡುಮಕ್ಕಳಲ್ಲಿ ಒಬ್ಬನನ್ನು ಕೊಡು ಎಂದರೆ ಹೆಂಡತಿ ಆಗದು ಎಂದು ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಹೋದಳು. ತಂಗಿ ಸತ್ಯವತಿ ತನ್ನ ಮಗನನ್ನು ತಂದು ನಿಲ್ಲಿಸಿದಳು. ಭೂತ ಮೆಚ್ಚಿ ಹುಡುಗನನ್ನು ಉಳಿಸಿತು, ಅವನೇ ಬಾರಕೂರಿನ ಅರಸು ಭೂತಾಳ ಪಾಂಡ್ಯನಾದ, ಇನ್ನು ಮುಂದೆ ಅಧಿಕಾರ ಮಕ್ಕಳಿಗಲ್ಲ, ಅಕ್ಕತಂಗಿಯರ ಮಕ್ಕಳಿಗೆ ಎಂದು ಕಟ್ಟು ಆಯಿತು.

ಅವರ ಮೇಷ್ಟ್ರು, ಇದು ನಡೆದ ಇತಿಹಾಸವಲ್ಲ, ಆಮೇಲೆ ಹುಟ್ಟಿದ ಕಥೆ ಎನ್ನುವವರೂ ಇದ್ದಾರೆ ಎಂದರು. ಇರಬಹುದು. ಆಸ್ತಿಗೆ ಸರಕಾರದ ಕಾನೂನು ಬಂದು ಎಷ್ಟು ಕಾಲವಾಯಿತು! ಅರಮನೆ ಹೋಯಿತು, ಕೋಟೆ ಹೋಯಿತು, ಆನೆಗೆ ಹಿಂಗಾಲೂ ಇಲ್ಲ. ಆದರೆ ನಮ್ಮ ದೈವದ ಮನೆಯ ಹೊಸ್ತಿಲಲ್ಲಿ ಆ ಕಟ್ಟು ಇವತ್ತಿಗೂ ಗಟ್ಟಿಯಾಗಿ ನಿಂತಿದೆ, ಅದು ಮೇಷ್ಟ್ರಿಗೆ ಕಾಣಲಿಲ್ಲ. ಆ ಹುಡುಗಿ ಮಾತ್ರ, "ಆಂಟಿ, ಹೆಂಡತಿ ಏನಾದಳು?" ಎಂದು ನನ್ನನ್ನು ಕೇಳಿತು. "ಎಂತ ಆತ್ತ್ ಮಗಾ? ತವರಂಗೆ ಏಳ್ ಮಕ್ಳಿಗೆ ಗಂಜಿ ಬೇಯ್ಸ್ಕಂಡ್ ಇದ್ದಿಕ್ಕ್" ಎಂದೆ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ತಂಗಿಯ ಹೆಸರನ್ನು ಎಲ್ಲರೂ ಹೇಳುತ್ತಾರೆ, ಆ ಹೆಂಡತಿಯ ಹೆಸರನ್ನು ನಾನು ಒಬ್ಬರ ಬಾಯಲ್ಲೂ ಕೇಳಿಲ್ಲ. ಮಕ್ಕಳನ್ನು ಕೊಡಲಿಲ್ಲ ಎಂಬ ಒಂದೇ ತಪ್ಪಿಗೆ ಈಗಲೂ ಬೈಸಿಕೊಳ್ಳುತ್ತಿದ್ದಾಳೆ. ಈಗ ಊರವರು ಅವಳ ಸಾಲಿಗೆ ನನ್ನನ್ನೂ ಕೂರಿಸಿದ್ದಾರೆ. ಹೊರಗಿನಿಂದ ಬಂದವಳ ಬುದ್ಧಿಯೇ ಅಷ್ಟು ಎಂದು ನೀವೂ ಯಾರೊಡನೆಯೋ ಹೇಳಿದಿರಂತೆ. ಹೇಳಿದ್ದು ಹೌದೋ ಅಲ್ಲವೋ ನನಗೆ ಗೊತ್ತಿಲ್ಲ. ಹೌದಾದರೆ ಆ ಮಾತಿನಿಂದ ನನಗೆ ತುಂಬಾ ನೋವಾಯಿತು ಅತ್ತಿಗೆ, ಬೇರೆ ಯಾರು ಹೇಳಿದ್ದರೂ ಅಷ್ಟು ಆಗುತ್ತಿರಲಿಲ್ಲ.

ನಿಜವಾದ ತೊಂದರೆ ಊರವರ ಬಾಯಿ ಅಲ್ಲ. ಬರುವ ಮೀನ ಸಂಕ್ರಮಣಕ್ಕೆ ಕುಟುಂಬದವರು ದೈವದ ಮನೆಯಲ್ಲಿ ಕೂತು ಇದನ್ನು ತೀರ್ಮಾನ ಮಾಡುವವರಿದ್ದಾರೆ. "ಬಿದ್ದ ಸಿಂಗಾರ ತೆಗೂಕೆ ನಮ್ಗೆ ಅಧಿಕಾರ ಇಲ್ಲೆ, ಕಟ್ಟ್ ಮುರೂಕೂ ಅಧಿಕಾರ ಇಲ್ಲೆ" ಎನ್ನುತ್ತಾರೆ ಕಿಟ್ಟಣ್ಣ. ಬೇರೆಯವರ ಗೋತ್ರದ ಹಾಗೆ ನಮಗೆ ಬಳಿ, ಅದು ಬರುವುದು ತಾಯಿಯಿಂದ. ರತನ್ ನಿಮ್ಮ ತಮ್ಮನ ಮಗನಾದರೂ ಅವನ ಬಳಿ ನನ್ನದು, ಬಸ್ರೂರಿನದು. ಬೇರೆ ಬಳಿಯವನ ತಲೆಗೆ ಈ ಮನೆಯ ಸಿಂಗಾರ ಬಿದ್ದದ್ದು ದೋಷ. ಅದಕ್ಕೆ ಪರಿಹಾರ, ಅವನು ತಪ್ಪುಕಾಣಿಕೆ ಇಟ್ಟು, ಇನ್ನು ಮುಂದೆ ದೈವದ ಮನೆಯ ಮೆಟ್ಟಿಲು ಹತ್ತುವುದಿಲ್ಲ ಎಂದು ಎಲ್ಲರ ಮುಂದೆ ಭಾಷೆ ಕೊಡಬೇಕು. ಸಣ್ಣವನಿದ್ದಾಗಿನಿಂದ ಅಲ್ಲಿ ದೀಪ ಇಡುತ್ತಿದ್ದವನು ಅವನೇ. ಮಳೆಗಾಲದಲ್ಲಿ ಮಾಡಿನ ಹೆಂಚು ತಿರುಗಿಸುವವನು, ಗೆದ್ದಲು ಕೆರೆಯುವವನು, ಹಳೆಯ ಮರದ ಹುಲಿಮೂರ್ತಿಗೆ ಎಣ್ಣೆ ಉಜ್ಜುವವನು ಅವನೇ. ಯಜಮಾನಿಕೆ ಅವನಿಗೆ ಬೇಡ, ಬೇಕು ಎಂದು ಒಂದು ದಿನ ಕೂಡ ಹೇಳಿದವನಲ್ಲ. ದೀಪ ಬಿಡಬೇಕು ಎಂಬ ಮಾತಿಗೆ ಮಾತ್ರ ಹುಡುಗ ಇಳಿದುಹೋಗಿದ್ದಾನೆ. ಈಗ ಸಂಜೆ ದೀಪ ಇಡುವುದು ನಿಮ್ಮ ತಮ್ಮ. ಬೆಂಕಿಕಡ್ಡಿ ಬತ್ತಿಗೆ ಮುಟ್ಟುವ ಮೊದಲೇ ಆರಿಹೋಗುತ್ತದೆ, ಮತ್ತೆ ಗೀರುತ್ತಾರೆ. ರತನ್ ಅಂಗಳದ ಆಚೆ ಬೈಕಿನ ಮೇಲೆ ಕೂತು ನೋಡುತ್ತಿರುತ್ತಾನೆ. ಹತ್ತಿರ ಹೋಗುವುದಿಲ್ಲ. ದೀಪ ಹತ್ತಿದ ಮೇಲೆ ಎದ್ದು ಒಳಗೆ ಬಂದು, ಊಟ ಬೇಡ ಎಂದು ಮಲಗುತ್ತಾನೆ.

ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನೀವು ಹೇಳಬಹುದು. ಹೇಳಿ, ನಾನು ಬೇಡ ಎನ್ನುವುದಿಲ್ಲ. ಆದರೆ ನನ್ನ ಹೆಗ್ಗಣಕ್ಕೆ ಮೊದಲ ಸ್ನಾನ ಮಾಡಿಸಿದವರು ನೀವು. ನಾನು ಬಾಣಂತಿಯಾಗಿ ಮಲಗಿದ್ದಾಗ ಮುಂಬಯಿ ಹತ್ತಿರದ ಠಾಣೆಯ ಹೋಟೆಲು, ಗಂಡ ಎಲ್ಲ ಬಿಟ್ಟು ಬಂದು, ಮೂಗು ನೀಳವಾಗಲಿ ಎಂದು ತೆಂಗಿನೆಣ್ಣೆ ಹಚ್ಚಿ ತಿದ್ದಿ ತಿದ್ದಿ, ಕೊನೆಗೆ ಅಪ್ಪನ ಮೊಂಡು ಮೂಗೇ ಉಳಿಯಿತು ಎಂದು ಬೈದವರು ನೀವು. ಬಸ್ರೂರಿನಿಂದ ಬಂದ ಹೊಸದರಲ್ಲಿ, ನಮ್ಮೂರೂ ಬಂದರಾಗಿತ್ತು, ನಮ್ಮಲ್ಲೂ ಕೇರಿಗಳಿವೆ ಎಂದು ನಾನು ಜಂಬ ಮಾಡಿದರೆ, "ಹೋಗ್ ಹೆಣೆ, ನಿಮ್ದ್ ಸಂತೆ, ನಮ್ದ್ ರಾಜಧಾನಿ" ಎನ್ನುತ್ತಿದ್ದಿರಿ. ಆಮೇಲೆ ನೀವೇ ನನ್ನ ತಲೆ ಬಾಚುತ್ತಿದ್ದಿರಿ. ಈ ಮನೆಯಲ್ಲಿ ಕಟ್ಟಿನ ಪ್ರಕಾರ ನಾನು ನೆಂಟಳು ಎಂಬುದು ನನಗೆ ನೆನಪಾಗದ ಹಾಗೆ ನೋಡಿಕೊಂಡವರು ನೀವೊಬ್ಬರೇ. ಮೀನ ಸಂಕ್ರಮಣಕ್ಕೆ ನೀವು ಬರಲೇಬೇಕು. ಜೀತುವನ್ನೂ ಕರೆದುಕೊಂಡು ಬನ್ನಿ. ಮನೆಯ ಹೆಣ್ಣುಮಕ್ಕಳ ಮಾತಿಗೆ ಈ ಊರಲ್ಲಿ ಬೆಲೆ ಇರುವ ಜಾಗ ದೈವದ ಮನೆಯೊಂದೇ, ಅಲ್ಲಿ ನೀವು ಕೂತರೆ ಕಿಟ್ಟಣ್ಣ ಕೂಡ ಧ್ವನಿ ತಗ್ಗಿಸುತ್ತಾರೆ. ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು ಬನ್ನಿ, ಸಿನಿಮಾದವರ ಹಾಗೆ ಕಾಣುತ್ತೀರಿ, ಇನ್ನೂ ಹೆದರುತ್ತಾರೆ.

ಜೀತುವಿಗೆ ನನ್ನ ಆಶೀರ್ವಾದ ಹೇಳಿ. ಅವನ ಮೇಲೆ ನನಗೆ ಸಿಟ್ಟಿಲ್ಲ, ಅವನಿಗೂ ನನ್ನ ಮೇಲೆ ಇರದಿರಲಿ. ನಿಮ್ಮ ತಮ್ಮ ನಿಮ್ಮನ್ನು ಕೇಳುತ್ತಲೇ ಇರುತ್ತಾರೆ. ಮಳೆಗಾಲಕ್ಕೆ ಹಪ್ಪಳ ಮಾಡುವಾಗ ನಿಮ್ಮ ಪಾಲು ಪ್ರತ್ಯೇಕ ಇಡುತ್ತೇನೆ. ದೈವ ನಿಮ್ಮನ್ನೂ ನಿಮ್ಮ ಮಕ್ಕಳನ್ನೂ ತಣ್ಣಗೆ ಇಟ್ಟಿರಲಿ. ಉಳಿದದ್ದೆಲ್ಲ ನೀವು ಬಂದ ಮೇಲೆ, ಎದುರುಬದುರು ಕೂತು.

ನಿಮ್ಮ ಬೈಗುಳಕ್ಕೂ ಪ್ರೀತಿಗೂ ಹಕ್ಕುದಾರಳು,
ಕುಸುಮ

ಮತ್ತೆ: ಕವರಿಗೆ ಅಂಟು ಹಚ್ಚಲು ಹೋಗಿ ಬಿಚ್ಚಿದ್ದೇನೆ. ಎದುರು ಕೂತರೆ ನನ್ನ ಬಾಯಿಂದ ಬರುವುದಿಲ್ಲ, ಇಲ್ಲೇ ಬರೆಯುತ್ತೇನೆ. ಮಗನನ್ನು ಮಡಿಲಿಗೆ ತೆಗೆದುಕೊಳ್ಳುವ ಕ್ರಮ ಉಂಟಾ ಎಂದು ನಿನ್ನೆ ಕಿಟ್ಟಣ್ಣನನ್ನು ಕೇಳಿದೆ. ಉಂಟಂತೆ. ಮನೆಯ ಹೆಣ್ಣು ದೈವದ ಮುಂದೆ ಮಡಿಲಲ್ಲಿ ಕೂರಿಸಿ ಹಾಲು ಕುಡಿಸಿದರೆ ಅವನು ಅವಳ ಮಗ, ಅವಳ ಬಳಿ. ರತನ್‌ನನ್ನು ನೀವು ತೆಗೆದುಕೊಳ್ಳಿ ಅತ್ತಿಗೆ. ಜೀತು ಅಣ್ಣನಾಗುತ್ತಾನೆ, ಯಜಮಾನಿಕೆ ಅವನಿಗೇ. ತಮ್ಮ ಇಲ್ಲಿದ್ದು ದೀಪ ಇಡುತ್ತಾನೆ. ಸಿಂಗಾರ ಈ ಮನೆಯ ಬಳಿಯವನ ತಲೆಗೇ ಬಿದ್ದ ಹಾಗಾಗುತ್ತದೆ, ದೈವದ ಮಾತೂ ಸುಳ್ಳಾಗುವುದಿಲ್ಲ, ಕಟ್ಟೂ ಮುರಿಯುವುದಿಲ್ಲ. ಆಮೇಲೆ ಬಸ್ರೂರಿನ ನನ್ನ ತವರಲ್ಲಿ ಅವನ ಹೆಸರು ಇರುವುದಿಲ್ಲ. ನಾನು ಸತ್ತರೆ ಅವನಿಗೆ ಸೂತಕ ಇಲ್ಲವಂತೆ. ಇದನ್ನು ಎರಡು ಸಲ ಕೇಳಿ ಗಟ್ಟಿ ಮಾಡಿಕೊಂಡಿದ್ದೇನೆ. ಇವತ್ತು ಬೆಳಿಗ್ಗೆ ಅವನಿಗೂ ಹೇಳಿದೆ. "ಹಂಗಾರೆ ನಿನ್ನ ನಾನ್ ಎಂತ ಅಂದೇಳಿ ಕರೂದ್?" ಎಂದ. ಮಾವನ ಹೆಂಡತಿಯನ್ನು ಎಲ್ಲರೂ ಕರೆಯುವ ಹಾಗೆ ಅತ್ತೆ ಅನ್ನು ಎಂದೆ. ಬೈದು ಹೇಳಿದೆ, ಇಲ್ಲವಾದರೆ ಅಳು ಬರುತ್ತಿತ್ತು. ನೀವು ಯಾವ ರೈಲಿಗೆ ಬರುತ್ತೀರಿ ಎಂದು ತಿಳಿಸಿ. ಬಾರಕೂರು ಸ್ಟೇಷನ್ನಿಗೆ ನಿಮ್ಮ ಮಗನನ್ನು ಕಳಿಸುತ್ತೇನೆ.